ಮಾಳಿಗೆ ಸೋರದ ತನಕ

ತೊಟ್ಟಿಲ ಹಿಂದಿನ ಗೋಡೆ ನಿನ್ನೆಗಿಂತ ಇವತ್ತು ಮುಂದೆ ಬಂದಿದೆಯೋ, ಅಥವಾ ನನ್ನ ಕಣ್ಣಿಗೇ ಹಾಗೆ ಕಾಣುತ್ತಿದೆಯೋ? ಹೋದ ಮಳೆಗಾಲದ ಕೊನೆಯ ದಿನಗಳಲ್ಲಿ ನನಗೆ ಇದೊಂದೇ ಚಿಂತೆ. ಬೆಳಿಗ್ಗೆ ಎದ್ದ ಕೂಡಲೇ ಮಗಳ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದೆ. ಉಸಿರು ತಾಕಿದ ಮೇಲೆ ಗೋಡೆಗೆ ಅಂಗೈ ಇಡುತ್ತಿದ್ದೆ. ಮೇಲೆಲ್ಲ ಸಿಮೆಂಟು, ನುಣ್ಣಗೆ, ತಣ್ಣಗೆ. ಬೆರಳ ಗೆಣ್ಣಿನಿಂದ ಬಡಿದರೆ ಒಳಗೆ ಖಾಲಿ ಡಬ್ಬದ ಸಪ್ಪಳ. ಮೋಡ ಕವಿದ ದಿನ ಗೋಡೆ ಬೆವರುತ್ತಿತ್ತು, ಕೂಸು ಕೆಮ್ಮುತ್ತಿತ್ತು. ಗಂಡನನ್ನು ಕರೆದು ತೋರಿಸಿದರೆ ಅವರು ಗೋಡೆ ನೋಡುವ ಬದಲು ನನ್ನ ಮುಖ ನೋಡುತ್ತಿದ್ದರು.

ತೊಟ್ಟಿಲು ಬೇರೆ ಕಡೆ ಕಟ್ಟಬಾರದೇ ಎಂದು ಯಾರಾದರೂ ಕೇಳಿಯಾರು. ಚಿತ್ತಾಪುರದ ನಮ್ಮ ಮನೆಯಲ್ಲಿ, ಅಯ್ಯನವರಿಂದ ದಿನ ಕೇಳಿ ಕಟ್ಟಿದ ತೊಟ್ಟಿಲನ್ನು ಕೂಸಿನ ಜವಳ ಇಳಿಯುವ, ಹುಟ್ಟುಗೂದಲು ತೆಗೆಸುವ ತನಕ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಆಗಿಬರುವುದಿಲ್ಲವಂತೆ. ಅತ್ತೆ ಮಹಾದೇವಮ್ಮನವರು ಇದನ್ನು ಹೇಳುವಾಗ ದನಿ ಏರಿಸುವುದಿಲ್ಲ. ಯಾರ ಮನೆಯಲ್ಲಿ ಬಿಚ್ಚಿದರು, ಆ ಮನೆಯಲ್ಲಿ ಯಾವ ಕೂಸು ಹೋಯಿತು ಎಂದು ಒಂದೊಂದಾಗಿ ಹೆಸರು ಹೇಳುತ್ತಾರೆ. ನಾನು ಬೆಂಗಳೂರಿನಲ್ಲಿ ಓದಿದವಳು. ಅಪ್ಪ ಗುಲಬರ್ಗಾ ಕಡೆಯವರಾದರೂ, ರಾಜ್ಯ ಒಂದಾದ ಮೇಲೆ ಸರಕಾರಿ ನೌಕರಿ ಹಿಡಿದು ಆ ಕಡೆ ಹೋದವರು. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಬಾಯಲ್ಲಿ ಹೇಳುತ್ತೇನೆ. ಹಗ್ಗದ ಗಂಟಿಗೆ ಕೈ ಹಾಕುತ್ತಿದ್ದೆ, ಆ ಹೆಸರುಗಳು ನೆನಪಾಗುತ್ತಿದ್ದವು, ಕೈ ತೆಗೆಯುತ್ತಿದ್ದೆ.

ಆ ಕೋಣೆ ಮೊದಲು ನಮ್ಮದಾಗಿರಲಿಲ್ಲ. ಅದು ಶರಣಬಸಮ್ಮನದು. ನನ್ನ ಗಂಡನ ತೀರಿಕೊಂಡ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ನಾನು ಅಕ್ಕ ಎನ್ನುತ್ತಿದ್ದೆ. ಸುಣ್ಣದ ಗಡಿಗೆ, ಜರಡಿ, ಹೊಟ್ಟಿನ ಚೀಲ, ಇವುಗಳ ನಡುವೆ ಒಂದು ಚಾಪೆಯ ಜಾಗ. ಅವಳ ಹರೆಯವೆಲ್ಲ ಆ ಚಾಪೆಯ ಮೇಲೆ ಮುಗಿದಿತ್ತು.

ಅವಳು ಚಿಂಚೋಳಿ ಕಡೆಯವಳು. ಕುಂಚಾವರಂ ಅಡವಿಯ ಅಂಚಿನ ಊರು. ಒಳಗೆ ಕನ್ನಡ, ಅಂಗಳದಲ್ಲಿ ತೆಲುಗು. ಮದುವೆಯಾಗಿ ಬಂದಾಗ ಮಾವ ಮಡಿವಾಳಯ್ಯನವರು ಈ ಮನೆಯ ಗೋಡೆ ಎಬ್ಬಿಸುತ್ತಿದ್ದರು. ಮನೆ ಎಂದರೆ ಮಾವನಿಗೆ ಒಂದು ಹಟ. ಊರ ಮಣ್ಣು, ಸುತ್ತಲಿನ ಕಲ್ಲು, ಭಟ್ಟಿಯ ಸುಣ್ಣ, ಇವಿಷ್ಟನ್ನು ಬಿಟ್ಟು ಇನ್ನೊಂದು ಸೇರಬಾರದು. ಅಂಥ ಮನೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ಅದರಲ್ಲಿ ಇರುವವರಿಗೆ ಜಡ್ಡಿಲ್ಲ ಎಂದು ಕಟ್ಟೆಯ ಮೇಲೆ ಕುಳಿತು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳುವವರು ಅವರು, ಮಣ್ಣು ತುಳಿಯುವವರು ಬೇರೆ.

ಪಡಸಾಲೆಗೆ ಶಹಾಬಾದದ ಫರಸಿ ಕಲ್ಲೇ ಬೇಕೆಂದು ಹಿರಿಯ ಮಗನಿಗೆ ಬಂಡಿ ಕೊಟ್ಟು ಕಳಿಸಿದರು. ಮಳೆ ಬೀಳುವ ಮೊದಲು ನೆಲ ಮುಗಿಯಬೇಕು, ಎಲ್ಲ ಒಂದೇ ಖೇಪಿಗೆ ಹೇರಿಕೊಂಡು ಬಾ ಎಂದಿದ್ದರು. ಅವನು ಹಾಗೇ ಹೇರಿಕೊಂಡ. ಕಾಗಿಣಾ ನದಿಯ ದಂಡೆಯ ಇಳಿಜಾರಿನಲ್ಲಿ ಎತ್ತು ಮುಗ್ಗರಿಸಿತು, ಬಂಡಿ ಮಗುಚಿತು, ಕಲ್ಲೆಲ್ಲ ಅವನ ಮೇಲೆ ಜಾರಿತು. ಹೆಣ ಒಂದು ಬಂಡಿಯಲ್ಲಿ ಬಂತು, ಕಲ್ಲು ಇನ್ನೊಂದರಲ್ಲಿ. ಮಣ್ಣು ಮಾಡಿ ಬಂದ ಮೇಲೆ ಮನೆ ಕಟ್ಟುವ ಗೌಂಡಿಗಳು ಈ ಕಲ್ಲು ಏನು ಮಾಡೋಣ ಎಂದು ಕೇಳಿದರಂತೆ. ಕಲ್ಲೇನು ತಪ್ಪು ಮಾಡಿದೆ ಎಂದರಂತೆ ಮಾವ. ಪಡಸಾಲೆಗೆ ಹಾಸಿದರು. ಬಿದ್ದ ಏಟಿಗೆ ಮೂಲೆ ಒಡೆದಿದ್ದ ಒಂದು ಕಲ್ಲನ್ನು ಬಾಗಿಲ ಹಿಂದೆ ಮರೆಯಾಗುವಂತೆ ಕೂಡಿಸಿದರು. ದಿನಾ ಬೆಳಿಗ್ಗೆ ಆ ಫರಸಿ ಒರೆಸುವುದು ಅಕ್ಕನ ಪಾಲಿಗೆ ಬಂತು. ಒಡೆದ ಮೂಲೆಗೆ ಬಂದಾಗ ಅವಳ ಕೈ ನಿಲ್ಲುತ್ತದೆಯೇ ಎಂದು ನಾನು ಕಾದು ನೋಡಿದ್ದೇನೆ. ಒಂದು ದಿನವೂ ನಿಲ್ಲಲಿಲ್ಲ.

ಗಂಡ ಸತ್ತ ವರ್ಷ ಅವಳ ತಮ್ಮ ರಾಮಲಿಂಗ ಬಂದಿದ್ದ. ಅಕ್ಕನಿಗಿನ್ನೂ ಚಿಕ್ಕ ವಯಸ್ಸು, ಮಕ್ಕಳಿಲ್ಲ, ಕರೆದುಕೊಂಡು ಹೋಗಿ ಉಡಿಕೆ ಮಾಡಿ ಇನ್ನೊಂದು ಮನೆ ಸೇರಿಸುತ್ತೇನೆ, ನಮ್ಮ ಕಡೆ ಗಂಡು ಇದ್ದಾನೆ ಎಂದು ಕೇಳಿದ. ಆಗ ಮನೆಯ ಒಳಗೋಡೆಗಳಿಗೆ ಮಣ್ಣು ಮೆತ್ತುವುದು ಬಾಕಿ ಇತ್ತು, ಮಾಳಿಗೆ ಅರ್ಧ ಹಾಕಿತ್ತು. ಮಾವ ಓಣಿಯ ಹಿರಿಯರನ್ನು ಕರೆಸಿ ಕೂಡಿಸಿ ಎಲ್ಲರ ಎದುರಿಗೆ ಮಾತು ಕೊಟ್ಟರು.

“ಈ ಮಾಳಿಗಿ ಎಲ್ಲೀತನಕ ಸೋರೂದಿಲ್ಲೋ ಅಲ್ಲೀತನಕ ಅಕೀ ಜಾಗಾ ಈ ಮನ್ಯಾಗ ಕಾಯಂ ಅದ. ಹೋಗಪಾ, ನೀ ನಿಶ್ಚಿಂತಿ ಇರು.”

ರಾಮಲಿಂಗ ಇದನ್ನು ದೊಡ್ಡ ಮನಸ್ಸಿನ ಮಾತೆಂದು ತಿಳಿದು ಊಟ ಮಾಡಿ ಹೋದ. ಬಾಗಿಲ ಸಂದಿಯಲ್ಲಿ ನಿಂತು ಕೇಳಿದ ಅಕ್ಕ ಅದನ್ನು ಹೇಗಿತ್ತೋ ಹಾಗೇ ತಿಳಿದಳು: ಸೋರಿದ ದಿನ ಜಾಗವಿಲ್ಲ. ಮರುದಿನದಿಂದ ಮಾಳಿಗೆ ಅವಳ ಗಂಡ, ಮಾಳಿಗೆ ಅವಳ ಮಗು ಎಂದು ಓಣಿಯ ಹೆಂಗಸರು ಆಡಿಕೊಂಡರು.

ಮಣ್ಣಿನ ಮಾಳಿಗೆ ಎಂದರೆ ಏನೆಂದು ಮೇಲ್ಮುದ್ದೆಯ ಮನೆಯಲ್ಲಿ ಇದ್ದವರಿಗೆ ಗೊತ್ತು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮೊಣಕಾಲುದ್ದ ಮಣ್ಣು. ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮುಂಚೆ ಹಾಳೂರ ದಿಬ್ಬದಿಂದ ಬಿಳಿ ಮಣ್ಣು ಹೊತ್ತು ತಂದು, ಕುಟ್ಟಿ, ಜರಡಿ ಹಿಡಿದು, ಬಿರುಕು ಬಿಟ್ಟಲ್ಲೆಲ್ಲ ತುಂಬಿ ಬಡಿಯಬೇಕು. ಆ ಮಣ್ಣು ನೀರು ಬಿದ್ದ ಕೂಡಲೇ ಬಿಗಿಯುತ್ತದೆ, ಒಳಗೆ ಬಿಡುವುದಿಲ್ಲ. ಗೋಡೆಗೆ ಬೇರೆ ಮಣ್ಣು. ಹೊಟ್ಟು, ಸಗಣಿ ಸೇರಿಸಿ ವಾರಗಟ್ಟಲೆ ಕೊಳೆಹಾಕಿ, ಹುಳಿ ನಾತ ಬಂದ ಮೇಲೆ ಕಾಲಲ್ಲಿ ತುಳಿದು ಕೈಯಲ್ಲೇ ಮೆತ್ತಬೇಕು. ಆಮೇಲೆ ಸುಣ್ಣ. ಮೊದಮೊದಲು ಮನೆಯ ಗಂಡಸರೂ ಕೈ ಹಾಕುತ್ತಿದ್ದರಂತೆ. ಮಾತು ಕೊಟ್ಟ ಮೇಲೆ ಒಬ್ಬೊಬ್ಬರೇ ಹಿಂದೆ ಸರಿದರು. ಅವಳ ಜಾಗ, ಅವಳೇ ನೋಡಿಕೊಳ್ಳಲಿ.

ಸುಣ್ಣ ಅವಳ ಬೆರಳ ತುದಿಗಳನ್ನು ತಿಂದಿತ್ತು. ಖಾರದ ಪಲ್ಯಕ್ಕೆ ಕೈ ಹಚ್ಚಲಾರದೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ಉಣ್ಣುತ್ತಿದ್ದಳು. ಅತ್ತೆ ಅದಕ್ಕೂ ಬಿಡಲಿಲ್ಲ. ದೊಡ್ಡ ಸೊಸೆಗೆ ಮಜ್ಜಿಗೆ ಇಲ್ಲದೆ ತುತ್ತು ಇಳಿಯುವುದಿಲ್ಲ, ಎಮ್ಮೆ ಅವಳ ತವರಿಂದ ಬಂದದ್ದು ನೋಡು ಎನ್ನುತ್ತಿದ್ದರು. ಅಕ್ಕನೂ ಸುಮ್ಮನಿರುವವಳಲ್ಲ. ಎಮ್ಮೆಯ ಕೊಟ್ಟಿಗೆಯೂ ತಾನೇ ಮೆತ್ತಿದ್ದು, ಅದು ಮಜ್ಜಿಗೆಯಲ್ಲಿ ಬಾಡಿಗೆ ಕೊಡಲಿಕ್ಕತ್ತದೆ ಎಂದು ಉಣ್ಣುತ್ತಲೇ ಅಂದಳು.

ಅವಳು ಒಳ್ಳೆಯವಳು ಎಂದು ನಾನು ಬರೆಯುತ್ತಿಲ್ಲ. ಕೆಲಸದಲ್ಲಿ ಅವಳಿಗೆ ಕರುಣೆ ಇರಲಿಲ್ಲ. ಹಿತ್ತಲ ಗೋಡೆಯ ತೂತುಗಳಲ್ಲಿ ಗುಬ್ಬಿಗಳು ಮರಿ ಹಾಕಿದ್ದವು. ಅವಳು ಮಣ್ಣಿನ ಮುದ್ದೆ ಹಿಡಿದು ಬಂದು ಒಂದೊಂದೇ ತೂತು ಮುಚ್ಚುತ್ತ ಹೋದಳು. ಅಕ್ಕಾ ಒಳಗೆ ಮರಿ ಇವೆ ಎಂದು ನಾನು ಕೈ ಹಿಡಿಯಲು ಹೋದೆ.

“ಅದಾವ. ಮಳಿ ನೀರೂ ಅದೇ ತೂತಿನ್ಯಾಗ ಹೋಗ್ತದ. ಮಾಳಿಗಿ ಸೋರಿದ್ರ ಗುಬ್ಬಿ ಬಂದು ನನಗ ಜಾಗಾ ಕೊಡ್ತದೇನು, ಬೆಂಗಳೂರಬಾಯಿ?”

ಆ ದಿನವೆಲ್ಲ ಗೋಡೆಯೊಳಗೆ ಚಿಲಿಪಿಲಿ ಕೇಳುತ್ತಿತ್ತು. ಮರುದಿನ ಕೇಳಲಿಲ್ಲ. ಅವಳು ಅದೇ ಗೋಡೆಗೆ ಒರಗಿ ಕುಳಿತು ಎಲೆ ಅಡಿಕೆ ಹಾಕಿಕೊಂಡಳು.

ನಾನು ಕೂಸನ್ನು ಎತ್ತಿಕೊಂಡು ಈ ಮನೆಗೆ ಬಂದದ್ದು ಗುಬ್ಬಿಯ ತೂತು ಮುಚ್ಚಿದ ಆ ಬೇಸಿಗೆಯಲ್ಲೇ. ಅಲ್ಲಿಯ ತನಕ ನಾವು ವಾಡಿ ಕಡೆ, ನನ್ನವರು ಕೆಲಸ ಮಾಡುವ ಸಿಮೆಂಟ್ ಕಾರ್ಖಾನೆಯ ಹತ್ತಿರ ಒಂದು ಬಾಡಿಗೆ ಮನೆಯಲ್ಲಿದ್ದೆವು. ಮೇಲೆ ಶೀಟು, ಮಧ್ಯಾಹ್ನ ಅದು ಹೆಂಚಿನ ಹಾಗೆ ಕಾಯುತ್ತಿತ್ತು. ಒಣಹಾಕಿದ ಕೂಸಿನ ಬಟ್ಟೆ ಕೊಡವಿದರೆ ಬೂದು ಧೂಳು. ಮಗಳ ಮೈಯೆಲ್ಲ ಬೆವರುಸಾಲೆ, ಎದೆಯಲ್ಲಿ ಗೊರಗೊರ. ನಾನು ಉಗುರುಗಳನ್ನು ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡಿದ್ದೆ. ಡಾಕ್ಟರು ಹವೆ ಬದಲಿಸಿ ಎಂದರು. ಬಾಡಿಗೆ ಮನೆ ಬಿಟ್ಟೆವು; ನನ್ನವರು ದಿನಾ ಚಿತ್ತಾಪುರದಿಂದ ರೈಲಿಗೆ ಹೋಗಿಬರತೊಡಗಿದರು.

ಈ ಮನೆಗೆ ಕಾಲಿಟ್ಟಾಗ, ಹೊರಗೆ ಬೆಂಕಿ ಸುರಿಯುತ್ತಿದ್ದರೂ ಒಳಗೆ ಕತ್ತಲು, ತಂಪು, ಹಸಿ ಮಣ್ಣಿನ ವಾಸನೆ. ಬೆಳಕಿಂಡಿಯಿಂದ ಒಂದು ಬಿಸಿಲ ಕೋಲು ಮಾತ್ರ. ಸೀರೆಯ ಜೋಳಿಗೆಯಲ್ಲಿ ಹಾಕಿದ ಕೂಸು ಎಷ್ಟು ಹೊತ್ತು ಮಲಗಿತೆಂದರೆ ನನಗೆ ಭಯವಾಗಿ ಅದನ್ನು ಅಲುಗಾಡಿಸಿ ಎಬ್ಬಿಸಿದೆ. ಅಕ್ಕ ನಕ್ಕಳು. ಮಲಗಿದರೂ ಅಳುವವಳು, ಎದ್ದರೂ ಅಳುವವಳು, ನಿನಗೆ ಯಾವುದು ಬೇಕು ಹೇಳು ಎಂದಳು. ವಾರದಲ್ಲಿ ಬೆವರುಸಾಲೆ ಹೋಯಿತು, ಎದೆ ತಿಳಿಯಾಯಿತು. ಒಮ್ಮೆ ಅಕ್ಕ ಕೂಸಿನ ಕೆನ್ನೆ ಸವರಿದಳು. ಅವಳ ಬೆರಳಿನ ಬಿರುಕಿಗೆ ಕೆನ್ನೆಯ ಮೇಲೆ ಗೀರು ಎದ್ದಿತು. ನಾನು ಕೂಸನ್ನು ಈಚೆ ಎಳೆದುಕೊಂಡೆ. ಆಮೇಲೆ ಅವಳು ಕೂಸನ್ನು ಮುಟ್ಟಬೇಕಾದರೆ ಮೊಣಕೈಯಿಂದ ಮುಟ್ಟುತ್ತಿದ್ದಳು.

ನಮ್ಮ ಕಡೆ ಆ ವರ್ಷಗಳಲ್ಲಿ ಬೂದು ಬಣ್ಣದ ಮನೆ ಎಂದರೆ ಒಂದು ಸೊಕ್ಕು. ಮಗನಿಗೆ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿದೆ ಎಂಬುದನ್ನು ಬಾಯಲ್ಲಿ ಹೇಳಬೇಕಾಗಿರಲಿಲ್ಲ. ಅಪ್ಪನ ಮಣ್ಣಿನ ಗೋಡೆಯ ಮೇಲೆ ಸಿಮೆಂಟಿನ ಗಿಲಾವು ಬಂದರೆ ಊರಿಗೇ ತಿಳಿಯುತ್ತಿತ್ತು. ಸುಣ್ಣ ಬಳಿಯುತ್ತಿರಲಿಲ್ಲ, ಬೂದು ಕಾಣಲಿ ಎಂದು ಹಾಗೇ ಬಿಡುತ್ತಿದ್ದರು. ಅತ್ತೆಗೆ ಇದು ಬಹಳ ದಿನದ ಆಸೆ. ಮಾವ ಮಾತ್ರ ಕಟ್ಟೆಯ ಮೇಲೆ ಕುಳಿತು ಸಿಮೆಂಟಿನ ಮನೆಯಲ್ಲಿ ಮನುಷ್ಯ ಬೇಯುತ್ತಾನೆ ಎನ್ನುತ್ತಿದ್ದರು. ಒಂದು ದಿನ ಎದುರು ಮನೆಯವರು ಅದೇ ಕಟ್ಟೆಯ ಮೇಲೆ, ನಾಲ್ಕು ಮಂದಿಯ ನಡುವೆ ತಮಾಷೆ ಮಾಡಿದರು.

“ಮಗ ಸಿಮೆಂಟಿನ್ಯಾಗ, ಅಪ್ಪ ಮಣ್ಣಾಗ. ಮಗ ಅಪ್ಪಗ ಒಂದ ಚೀಲಾ ಕೊಡಾಂಗಿಲ್ಲೇನ್ರಿ, ಮುತ್ಯಾ?”

ಎಲ್ಲರೂ ನಕ್ಕರು. ಇಡೀ ಆಯುಷ್ಯದ ಹಟ ಆ ನಗೆಗೆ ಕರಗಿತು. ಅದೇ ಸಂಜೆ ಮಾವ ಮಗನನ್ನು ಕರೆದು, ಸಿಮೆಂಟು ಯಾವಾಗ ತರುತ್ತೀಯಾ ಎಂದರು.

ಗೌಂಡಿ ಲಾಲ್ ಅಹ್ಮದ್ ಬಂದ. ಗಿಲಾವು ಹಿಡಿಯಲೆಂದು ಗೋಡೆಗಳ ಮೈಗೆಲ್ಲ ಕೊಡಲಿಯ ಮೂತಿಯಿಂದ ಕಚ್ಚು ಹೊಡೆದ. ವರ್ಷವರ್ಷ ಮೆತ್ತಿದ ಪದರಗಳು ರೊಟ್ಟಿಯ ಹಾಗೆ ಎದ್ದು ಬಿದ್ದವು. ಅಕ್ಕ ಅವನ ಹಿಂದೆಯೇ ತಿರುಗುತ್ತ ಬಿದ್ದದ್ದನ್ನು ಬುಟ್ಟಿಗೆ ತುಂಬಿದಳು. ಬೇರೆ ಯಾರೂ ತುಂಬುವವರಿರಲಿಲ್ಲ. ಮಾಳಿಗೆಯ ಮೇಲೂ ಸಿಮೆಂಟು ಎಳೆದರು. ಅದು ಒಣಗುತ್ತಿದ್ದ ದಿನ ಅವಳು ಮಾವನ ಎದುರು ಹೋಗಿ ನಿಂತಳು. ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇಲ್ಲ. ಸೆರಗನ್ನು ಹಣೆಗೆ ಎಳೆದುಕೊಂಡು ಕಂಬಕ್ಕೆ ಹೇಳಿದ ಹಾಗೆ ಕೇಳಿದಳು.

“ಮಿರಗ ಬಂತು. ಮತ್ತ ನಾ ಏನ ಮಾಡ್ಲಿ?”

“ಕುಂತ ಉಣ್ಣು,” ಎಂದರು ಮಾವ.

ಪಡಸಾಲೆಯಲ್ಲಿದ್ದವರು ನಕ್ಕರು. ಅವಳೂ ನಕ್ಕಳು. ಆ ನಗೆ ನೋಡಿ ಅವಳಿಗೆ ಸಂತೋಷವಾಗಿದೆ ಎಂದೇ ನಾನು ತಿಳಿದೆ.

ಕುಳಿತು ಉಣ್ಣುವವಳನ್ನು ಅತ್ತೆಗೆ ನೋಡಲಾಗಲಿಲ್ಲ. ಮೊದಲು ಮಜ್ಜಿಗೆ ನಿಂತಿತು. ಆಮೇಲೆ ಅವಳು ಕುಳಿತ ಕಡೆಯೇ ಕಸ ಗುಡಿಸುವುದು ಶುರುವಾಯಿತು. ಮಾಡಲು ಕೆಲಸ ಹುಡುಕುತ್ತ ಅವಳು ಒರೆಸಿದ ಫರಸಿಯನ್ನೇ ಮತ್ತೆ ಒರೆಸಿದಳು. ನೀರು ಹಾಳು ಮಾಡುತ್ತಾಳೆ ಎಂದರು. ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟರು. ಅಕ್ಕ ಇಷ್ಟು ವರ್ಷ ಒಂದು ಪಂಚಮಿಗೂ ಹೋದವಳಲ್ಲ. ಮಳೆಗಾಲದಲ್ಲಿ ಮಾಳಿಗೆ ಬಿಟ್ಟು ಹೋಗುವುದು ಹೇಗೆ? ಈ ಸಲ ಅತ್ತೆಯೇ ರಾಮಲಿಂಗನಿಗೆ ಹೇಳಿಕಳಿಸಿದರು. ಅಕ್ಕನಿಗೆ ಒಂದು ಹೊಸ ಇಳಕಲ್ ಸೀರೆಯನ್ನೂ ಕೊಟ್ಟರು. ಅವಳು ಅದನ್ನು ಉಟ್ಟು, ಜೋಕಾಲಿಯಲ್ಲಿ ನನ್ನ ಭಾರಕ್ಕೆ ಗಿಡವೇ ಮುರಿದೀತು ಎಂದು ನನ್ನ ಹತ್ತಿರ ಚೇಷ್ಟೆ ಮಾಡಿದಳು. ಮುದುಕಿಯಂತಾದ ಮುಖದಲ್ಲಿ ಒಂದು ಹುಡುಗಿ ಕಂಡು ಮಾಯವಾದಳು.

ಹೊರಡುವಾಗ, ಅತ್ತೆ ಕಟ್ಟಿಕೊಟ್ಟ ಗಂಟು ಭಾರವಾಗಿದೆ ಎಂದು ಹೊಸ್ತಿಲಲ್ಲೇ ಬಿಚ್ಚಿ ನೋಡಿದಳು. ಅವಳ ಎರಡು ಹಳೆ ಸೀರೆಗಳ ನಡುವೆ ಅವಳ ಗಂಗಾಳ ಇತ್ತು. ನಮ್ಮ ಮನೆಗಳಲ್ಲಿ ಉಣ್ಣುವ ಗಂಗಾಳ ಅವರವರದು, ಅಡುಗೆಮನೆಯ ಗೋಡೆಗೆ ಸಾಲಾಗಿ ಒರಗಿಸಿ ಇಟ್ಟಿರುತ್ತಾರೆ. ಹಬ್ಬಕ್ಕೆ ಹೋಗುವವರು ಅದನ್ನು ಒಯ್ಯುವುದಿಲ್ಲ. ಅದನ್ನು ಕಟ್ಟಿ ಕೊಟ್ಟರೆ ಇಲ್ಲಿ ಇನ್ನು ನಿನಗೆ ಬಡಿಸುವುದಿಲ್ಲ ಎಂದು ಅರ್ಥ.

ಅವಳು ಗಂಗಾಳವನ್ನು ತೆಗೆದು ತಿರುವಿ ನೋಡಿ ಮತ್ತೆ ಒಳಗಿಟ್ಟಳು. ಗಂಟು ಬಿಗಿದಳು. ಕಟ್ಟೆಯ ಮೇಲಿದ್ದ ಮಾವನ ಕಡೆ ತಿರುಗಿ ಈ ಸಲ ಸೆರಗು ಎಳೆದುಕೊಳ್ಳದೆ ಕೇಳಿದಳು.

“ಮಾವಾ, ಮಾಳಿಗಿ ಸೋರ್ಯಾದೇನ್ರಿ?”

“ಇಲ್ಲ,” ಎಂದರು ಮಾವ, ಬೀದಿ ನೋಡುತ್ತ. “ಇನ್ನ ಸೋರೂದೂ ಇಲ್ಲ.”

ರಾಮಲಿಂಗ ಗಂಟನ್ನು ಹೆಗಲಿಗೇರಿಸಿದ. ಅವನಿಗೆ ಏನೂ ತಿಳಿಯಲಿಲ್ಲ. ಬಸ್ಸು ತಪ್ಪುತ್ತದೆ ನಡಿ ಅಕ್ಕಾ ಎನ್ನುತ್ತಿದ್ದ.

ಪಂಚಮಿ ಮುಗಿದು ಮುಂದಿನ ಸೋಮವಾರವೇ ಅವಳ ಕೋಣೆಯಿಂದ ಸುಣ್ಣದ ಗಡಿಗೆಗಳು ಹೊರಗೆ ಬಂದವು. ನನ್ನ ಗಂಡ ಮಲಗಿ ಬೆಳೆದ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ತೊಳೆದು, ಅಯ್ಯನವರನ್ನು ಕರೆಸಿ ಅಲ್ಲಿ ಕಟ್ಟಿದರು. ಕೂಸಿಗೊಂದು ಕೋಣೆ ಬೇಡವೇ ಎಂದರು ಅತ್ತೆ. ಯಾರೂ ಅಕ್ಕನನ್ನು ಕರೆತರುವ ಮಾತು ತೆಗೆಯಲಿಲ್ಲ.

ಭಾದ್ರಪದದಲ್ಲಿ ಮಳೆ ಹಿಡಿಯಿತು. ಮಾಳಿಗೆಯ ಸಿಮೆಂಟಿನಲ್ಲಿ ಬೇಸಿಗೆಯ ಬಿಸಿಲಿಗೇ ಕೂದಲಿನಂಥ ಬಿರುಕುಗಳು ಬಂದಿದ್ದವಂತೆ. ನೀರು ಅದರಲ್ಲಿ ಇಳಿದು ಕೆಳಗಿನ ಮಣ್ಣಿಗೆ ಸೇರಿತು. ಮೊದಲಾಗಿದ್ದರೆ ಮಣ್ಣು ಕುಡಿದ ನೀರನ್ನು ಒಂದು ಬಿಸಿಲಿಗೆ ಬಿಟ್ಟುಕೊಡುತ್ತಿತ್ತು. ಈಗ ಮೇಲೆಯೂ ಮುಚ್ಚಳ, ಗೋಡೆಗೂ ಮುಚ್ಚಳ. ಮಣ್ಣು ಒಳಗೇ ಕೊಳೆಯಿತು. ಮನೆಯ ಹಸಿ ಮಣ್ಣಿನ ವಾಸನೆ ಹೋಗಿ ಒದ್ದೆ ಬಟ್ಟೆ ಮುಚ್ಚಿಟ್ಟಂಥ ನಾತ ಬಂತು. ಅಕ್ಕನ ಕೋಣೆಯ ಹೊರಗೋಡೆ ಮಳೆಯ ಕಡೆಗಿತ್ತು. ಅದೇ ಮೊದಲು ಉಬ್ಬಿತು. ನನ್ನವರು, ಹೊಸ ಸಿಮೆಂಟು ಬಿಗಿದು ಕೂಡುತ್ತಿದೆ ಎಂದರು. ಅತ್ತೆ, ಓದಿದವರಿಗೆ ಗೋಡೆಯೂ ನಡೆದಾಡಿದ ಹಾಗೆ ಕಾಣುತ್ತದೆ ಎಂದರು.

ಒಂದು ಮಧ್ಯಾಹ್ನ ನಾನು ಕೂಸಿಗೆ ಹಾಲು ಕುಡಿಸಿ ಬಂದಾಗ ಮಾವ ಆ ಕೋಣೆಯಲ್ಲಿ ಒಬ್ಬರೇ ನಿಂತು ಗೋಡೆಗೆ ಕಿವಿ ಹಚ್ಚಿದ್ದರು. ನನ್ನನ್ನು ನೋಡಿ ಹೊರಗೆ ಹೋದರು.

ಲಾಲ್ ಅಹ್ಮದನನ್ನು ಕರೆಸಿದರು. ಅವನು ಬಡಿದು ನೋಡಿ ತಲೆ ಕೆರೆದುಕೊಂಡ. ಎಲ್ಲ ಕೆತ್ತಿ ತೆಗೆದು ಗಾಳಿಯಾಡಲು ಬಿಟ್ಟು ಮತ್ತೆ ಮಣ್ಣನ್ನೇ ಹಚ್ಚಬೇಕು, ಇಲ್ಲದಿದ್ದರೆ ಗೋಡೆ ಕುಸಿದು ಕೂತುಬಿಡುತ್ತದೆ; ನಾಳೆಯೇ ನಾಲ್ಕು ಆಳು ತರುತ್ತೇನೆ ಎಂದ. ಮಾವ ಬೇಡ ಎಂದರು. ಊರೆಲ್ಲ ನೋಡುವಂತೆ ಹಚ್ಚಿಸಿದ ಗಿಲಾವನ್ನು ಊರೆಲ್ಲ ನೋಡುತ್ತಿರುವಾಗ ಕೀಳಿಸುವುದೇ? ಎದುರು ಮನೆಯವರು ಇನ್ನೊಂದು ತಮಾಷೆ ಮಾಡಲೆಂದೇ? ಅವನು ಹೋದ ಮೇಲೆ ಅವರು ಅತ್ತೆಯ ಕೂಡ ಮಾತಾಡಿದರು, ನಾನು ಅಲ್ಲೇ ಇದ್ದೇನೆ ಎಂಬ ಎಗ್ಗಿಲ್ಲದೆ.

“ಮನ್ಯಾಗಿನಾಕಿ ಒಳಗ ಕುಂತು ಜರಾ ಜರಾ ಕೆತ್ತಿದ್ರ ಹೊರಗ ಗೊತ್ತಾಗೂದಿಲ್ಲ. ಅಕಿನ್ನ ಕರಸು. ಕೆತ್ತಿ, ಮಣ್ಣ ಹಚ್ಚಿ, ಆಮ್ಯಾಲ ಬೇಕಾರ ಹೋಗ್ಲಿ.”

ಕರೆಯುವುದು ಹೇಗೆ? ಗಂಗಾಳ ಕಟ್ಟಿ ಕಳಿಸಿದವಳನ್ನು ಗೋಡೆಗೆ ಬಾ ಎಂದರೆ ಬಂದಾಳೇ? ಅತ್ತೆ ಅದಕ್ಕೂ ದಾರಿ ಹುಡುಕಿದರು. ಅತ್ತೆ ಹಾಸಿಗೆ ಹಿಡಿದಿದ್ದಾಳೆ, ದೊಡ್ಡ ಸೊಸೆಯ ಹೆಸರೇ ಜಪಿಸುತ್ತಿದ್ದಾಳೆ ಎಂದು ಹೇಳು. ಓಡಿ ಬರುತ್ತಾಳೆ, ಅವಳಿಗೆ ಅಷ್ಟು ಸಾಕು ಎಂದರು. ಅಂಚೆ ಕಚೇರಿಯ ಫೋನಿನಲ್ಲಿ ಮಾತಾಡಲು ಬರುವವಳು ಮನೆಯಲ್ಲಿ ನಾನೊಬ್ಬಳೇ. ಕೆಲಸ ನನ್ನ ಮೇಲೆ ಬಂತು.

ನಾನು ಹೋಗಲಿಲ್ಲ. ಇವತ್ತು ಮಳೆ ಎಂದೆ, ನಾಳೆ ಕೂಸಿಗೆ ಜ್ವರ ಎಂದೆ. ಅವಳು ಬರಬೇಕು ಎಂದು ನನ್ನಷ್ಟು ಆಸೆ ಯಾರಿಗೂ ಇರಲಿಲ್ಲ. ಅವಳು ಬಂದರೆ ಗೋಡೆ ನಿಲ್ಲುತ್ತದೆ, ನನ್ನ ಮಗಳ ಎದೆ ತಿಳಿಯಾಗುತ್ತದೆ. ಬಂದವಳು ಆ ಬಿರುಕು ಬೆರಳುಗಳಿಂದ ಸಿಮೆಂಟು ಕೆತ್ತುವುದು, ಅತ್ತೆ ಹಾಸಿಗೆಯಿಂದ ಎದ್ದು ನಗುವುದು, ಕೆಲಸ ಮುಗಿದ ದಿನ ಗಂಗಾಳ ಮತ್ತೆ ಗಂಟಿಗೆ ಹೋಗುವುದು, ಇದೂ ಕಣ್ಣಿಗೆ ಕಟ್ಟುತ್ತಿತ್ತು. ಎರಡನ್ನೂ ನೋಡುತ್ತ ಉಗುರು ಕಚ್ಚುತ್ತಿದ್ದೆ.

ಆಮೇಲೆ ಒಂದು ಬೆಳಿಗ್ಗೆ, ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಟ್ಟೆ ಬದಲಿಸುತ್ತಿದ್ದಾಗ, ಜಂತಿಯ ಕೆಳಗಿನಿಂದ ಪರಾತದಷ್ಟು ಅಗಲದ ಗಿಲಾವು ಕಳಚಿ ಮೂಲೆಯಲ್ಲಿ ಬಿತ್ತು. ಅಕ್ಕನ ಚಾಪೆ ಇರುತ್ತಿದ್ದ ಜಾಗ. ಹಿಂದೆ ಕಪ್ಪಗೆ ಹಸಿ ಮಣ್ಣು, ಬೆರಳು ಇಟ್ಟರೆ ಒಳಗೆ ಹೋಗುವಂಥದ್ದು, ಮೇಲೆ ಜಂತಿಯ ಸಂದಿಯಿಂದ ಹನಿ ಹನಿ ನೀರು. ನಾನು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟದೆ ಅಂಚೆ ಕಚೇರಿಗೆ ನಡೆದೆ.

ಚಿಂಚೋಳಿಗೆ ಪಿ.ಪಿ. ಕಾಲ್ ಬುಕ್ ಮಾಡಿಸಿದೆ. ಆ ಕಡೆಯ ಅಂಚೆಯವರು ಮನುಷ್ಯನನ್ನು ಕಳಿಸಿ ಬೇಕಾದವರನ್ನು ಕರೆಸುತ್ತಾರೆ; ರಾಮಲಿಂಗ ಈಗ ಹಳ್ಳಿ ಬಿಟ್ಟು ಅಲ್ಲಿಯ ಅಂಚೆ ಕಚೇರಿಯ ಹಿಂದಿನ ಓಣಿಯಲ್ಲೇ ಇದ್ದ. ಬೆಂಚಿನ ಮೇಲೆ ಕುಳಿತು ಕಾದೆ. ಕೂಸು ಕೆಮ್ಮಿತು, ಮಲಗಿತು, ಎದ್ದು ಮತ್ತೆ ಕೆಮ್ಮಿತು. ಕೊನೆಗೆ ಪೋಸ್ಟ್‌ಮಾಸ್ತರರು ಕೈ ಮಾಡಿದರು. ಗರಗರ ಸಪ್ಪಳದ ಹಿಂದಿನಿಂದ ಅಕ್ಕನ ದನಿ ಬಂತು.

“ಯಾರ ಸತ್ತಾರ?”

ಟ್ರಂಕ್ ಕಾಲ್ ಬಂದರೆ ಎಲ್ಲರೂ ಕೇಳುವುದು ಅದನ್ನೇ.

“ಯಾರೂ ಇಲ್ಲರಿ, ಅಕ್ಕಾ. ನಾನು ಲಲಿತಾ.”

“ಮತ್ತ?”

ಅತ್ತೆ ಕಲಿಸಿದ ಮಾತು ನಾಲಿಗೆಯ ತುದಿಯಲ್ಲಿತ್ತು. ಒಂದೇ ಸಾಲು, ಅಂದಿದ್ದರೆ ಸಾಕಿತ್ತು. ನಾನು ಗೋಡೆ ಉಬ್ಬಿದ್ದು ಹೇಳಿದೆ, ಗೌಂಡಿ ಅಂದದ್ದು ಹೇಳಿದೆ. ಅವಳನ್ನು ಒಳಗೊಳಗೇ ಕೆತ್ತಲು ಕರೆಯುತ್ತಿದ್ದಾರೆ, ಅತ್ತೆಗೆ ಜಡ್ಡು ಎಂದು ಸುಳ್ಳು ಹೇಳಲು ನನ್ನನ್ನು ಕಳಿಸಿದ್ದಾರೆ, ಅತ್ತೆ ಗಟ್ಟಿಯಾಗಿದ್ದಾರೆ, ಕೆಲಸ ಮುಗಿದರೆ ಮತ್ತೆ ಕಳಿಸುತ್ತಾರೆ ಎಂದೂ ಹೇಳಿದೆ.

“ಖರೆ ಯಾಕ ಹೇಳ್ದಿ?” ಎಂದಳು. “ಸುಳ್ಳ ಹೇಳಿದ್ರ ಬರ್ತಿದ್ದೆ.”

ನನಗೆ ಅಳು ಬಂತು. ಬರ್ರಿ ಅಕ್ಕಾ, ಅವರ ಸಲುವಾಗಿ ಬೇಡ, ಕೂಸಿನ ಸಲುವಾಗಿ ಬರ್ರಿ ಎಂದೆ. ಪೋಸ್ಟ್‌ಮಾಸ್ತರರು ತಲೆ ತಗ್ಗಿಸಿ ಚೀಟಿಗಳಿಗೆ ಮುದ್ರೆ ಒತ್ತುತ್ತಿದ್ದರು.

“ಇಲ್ಲೂ ಗ್ವಾಡಿ ಅದಾವ, ತಂಗಿ. ತಮ್ಮನ ಹೇಣ್ತಿ ದಿನಾ ಒಂದು ತೋರಸ್ತಾಳ,” ಎಂದಳು. ಆಮೇಲೆ ಕೇಳಿದಳು, “ತೊಟ್ಟಿಲ ಎಲ್ಲದ?”

“ನಿಮ್ಮ ಕೋಣ್ಯಾಗ.”

“ಯಾವಾಗ ಕಟ್ಟಿದ್ರಿ?”

“ನೀವು ಹೋದ ಮ್ಯಾಲ. ಮುಂದಿನ ಸೋಮವಾರ.”

ಮೂಗಿನಿಂದ ಒಂದು ಸಣ್ಣ ನಗೆ ಕೇಳಿಸಿತು. ಜವಳ ಇಳಿಯುವ ತನಕ ಬಿಚ್ಚಬಾರದಂತಲ್ಲ ಎಂದು ನಾನು ತೊದಲುತ್ತಿದ್ದೆ. ಅವಳು ನಡುವೆಯೇ ಕತ್ತರಿಸಿದಳು.

“ಹೋಗಿ ಬಿಚ್ಚು. ಪಡಸಾಲಿ ತೊಲಿಗಿ ಕಟ್ಟು. ಬಾಗಲ ಹಿಂದ ಒಡದ ಫರಸಿ ಅದಲ್ಲ, ಅದರ ಮ್ಯಾಲ. ಅಲ್ಲಿ ಇನ್ನ ಏನೂ ಬೀಳೂದಿಲ್ಲ. ಬೀಳೂದೆಲ್ಲಾ ಬಿದ್ದದ.”

“ಮತ್ತ ಗೋಡೆ?”

“ಮಾಳಿಗಿ ಸೋರಾಕತ್ತದೇನು?”

“ಹೂಂರಿ. ಸೋರಾಕತ್ತದ.”

“ಹಂಗಾರ ಮುಗೀತಲ್ಲ. ಸೋರೂದಿಲ್ಲೋ ಅಲ್ಲೀತನಕ ಅಂದಿದ್ರು. ಅವರ ಮಾತ ಅವರಿಗೇ ಹೋಗಿ ಹೇಳು.”

ಕೂಸು ಮತ್ತೆ ಕೆಮ್ಮಿತು. ಅದು ಅವಳಿಗೂ ಕೇಳಿಸಿರಬೇಕು. ಒಂದು ಗಳಿಗೆ ಉಸಿರಿನ ಸಪ್ಪಳ ಬಂತು. ಆಮೇಲೆ ಅವಳೇ ಫೋನು ಕೆಳಗಿಟ್ಟಳು.